ಹುಲ್ಲಿನೊಳಗಿನ ಬಾಣಂತಿ

ನನ್ನ ಅಕ್ಷರ ದುಂಡಗಿಲ್ಲ, ಮಾತೂ ಕಡಿಮೆ. ಎಂಟನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವಳು. ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಗೆ, ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡು ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಕ್ಷಮಿಸಬೇಕು.

ನನ್ನ ಸೋದರತ್ತೆ ಸುಂದ್ರವ್ವ ಬಾಂಬೆಯ ಜೋಗೇಶ್ವರಿಯ ತಬೇಲಾಗಳಲ್ಲಿ, ಅಂದರೆ ಹಾಲಿನವರ ಕೊಟ್ಟಿಗೆಗಳಲ್ಲಿ, ಎಮ್ಮೆಗಳಿಗೆ ಹುಲ್ಲು ಕೊಯ್ದು ಹಾಕುವವಳು. ಊರು ಅಫಜಲಪುರದ ಕಡೆ. ಗೋಣಿಚೀಲದ ಕೊಪ್ಪೆ ಹೊದ್ದು, ಮಳೆಯನ್ನೂ ಎಮ್ಮೆಗಳನ್ನೂ ಒಟ್ಟಿಗೇ ಬೈಯುತ್ತ ಅವಳು ಹೊರಟಳೆಂದರೆ ನಮ್ಮ ಚಾಳಿಗೆ ಬೆಳಗಾಯಿತೆಂದು ಅರ್ಥ.

ಕಳೆದ ವರ್ಷ, ೧೯೭೩ರ ಮಳೆಗಾಲದಲ್ಲಿ, ಕುರ್ಲಾದಿಂದ ವಾರಿಜಕ್ಕ ಬಂದರು. ಕಾಲೇಜಿನಲ್ಲಿ ಓದುವವರು. ತಂದೆಯದು ಉಡುಪಿ ಹೋಟೆಲು. ಹುಲ್ಲುಗಾವಲಿನ ಹಕ್ಕಿಗಳನ್ನು ಮಳೆಗಾಲವಿಡೀ ನೋಡಿ ಬರೆಯುವ ಕೆಲಸ ಅವರಿಗೆ ಸಿಕ್ಕಿತ್ತು. ಜೊತೆಗೆ ನಡೆಯಲು ನನ್ನನ್ನು ಇಟ್ಟುಕೊಂಡರು. ನಾವು ಕಂಡ ಗೂಡುಗಳು ಮುಂಗುಸಿಯಿಂದಲೋ ಕುಡುಗೋಲಿನಿಂದಲೋ ಒಂದೊಂದಾಗಿ ಹಾಳಾದವು. ಕೊನೆಗೆ ಉಳಿದದ್ದು ಒಂದು ಲಾವಕ್ಕಿಯ ಗೂಡು.

"ಅಪ್ಪ ಬಿಟ್ಟದ್ದು ಇದೊಂದೇ ಮಳೆಗಾಲಕ್ಕೆ ಮಾರಾಯ್ತಿ," ಎಂದರು ವಾರಿಜಕ್ಕ. "ಒಂದು ಮರಿಯನ್ನೂ ಕಾಣದಿದ್ರೆ ಕಾಲೇಜಿನವರು ಕೆಲಸ ಮುಗಿಯಿತು ಅಂತ ಒಪ್ಪುದಿಲ್ಲ. ಮತ್ತೆ ನಾನು ಹೋಟೆಲಿನ ಗಲ್ಲೆಯಲ್ಲಿ ಕೂತು ಬಿಲ್ಲು ಹರಿಯುದೇ."

ಕೊಯ್ಯುವವರಿಗೆ ಗುರುತಿರಲೆಂದು ಅವರು ಗೂಡಿನ ಸುತ್ತ ಕಲ್ಲಿಟ್ಟು, ಕೋಲಿಗೆ ಕೆಂಪು ಬಟ್ಟೆ ಕಟ್ಟಿದರು. ಅಲ್ಲಿ ಯಾರೂ ಕುಡುಗೋಲು ಹಾಕಲಿಲ್ಲ. ಆದರೆ ಮಂಗಳವಾರ ಹೋಗಿ ನೋಡಿದರೆ ಕಲ್ಲಿಗೆಲ್ಲ ಕುಂಕುಮ! ಕಲ್ಲು, ಕೆಂಪು ಬಟ್ಟೆ ಕಂಡರೆ ನಮ್ಮ ಕಡೆಯವರು ಕೈ ಮುಗಿಯದೆ ದಾಟುವುದಿಲ್ಲ. ಹುಲ್ಲು ಕೊಯ್ಯುವ ಹೆಂಗಸರು ಸುತ್ತ ನೆರೆದಿದ್ದರು. ಅವರಲ್ಲಿ ನೀಲಾಬಾಯಿ ಊದುಬತ್ತಿ ಹಚ್ಚಿದ್ದಳು. ಹನುಮವ್ವ ಮಗನಿಗೆ ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ನೌಕರಿ ಸಿಗಲೆಂದು ಕಾಯಿ ಒಡೆದಿದ್ದಳು. ಕಾಯಿಯ ಚೂರಿಗೆ ಕಾಗೆಗಳು ಇಳಿಯುತ್ತಿದ್ದವು.

"ಇದು ದೇವರಲ್ಲ, ಹಕ್ಕಿ!" ಎಂದು ವಾರಿಜಕ್ಕ ಕೂಗಿದರು.

"ತಾನ ಕೆಂಪು ಅರಿವಿ ಕಟ್ಟಿ, ತಾನ ದೇವರಲ್ಲ ಅಂತಾಳ, ನೋಡ್ರೆವ್ವ!" ಎಂದಳು ಹನುಮವ್ವ.

ಬಟ್ಟೆ ಬಿಚ್ಚಿದರೆ ಹುಲ್ಲು ಕೊಯ್ಯುತ್ತಾರೆ. ಬಿಟ್ಟರೆ ಕಾಗೆಗಳು ಮೊಟ್ಟೆ ಹುಡುಕುತ್ತವೆ. ವಾರಿಜಕ್ಕನ ಕಣ್ಣಲ್ಲಿ ನೀರು ಬಂತು. ನಾನು ಓಡಿಹೋಗಿ ಅತ್ತೆಯನ್ನು ಕರೆತಂದೆ.

ಅತ್ತೆ ಕೋಲಿನ ಪಕ್ಕ ನಿಂತು ಎಲ್ಲರನ್ನೂ ನೋಡಿದಳು. "ಹಸಿ ಬಾಣಂತಿ ಖೋಲಿಯೊಳಗ ಹಿಂಗ ಹಿಂಡುಗಟ್ಟಿ ಹೊಕ್ತೀರೇನು? ನಾಚಿಕಿ ಆಗಲ್ಲೇನು?"

"ಬಾಣಂತಿ ಯಾರ?" ಎಂದಳು ನೀಲಾಬಾಯಿ.

"ಅಕಿ ನೋಡ್ರಿ." ದೂರದಿಂದಲೇ ಬೆರಳು ತೋರಿಸಿದಳು. ಬುಡದ ಒಣಹುಲ್ಲಿನ ಬಣ್ಣದ್ದೇ ಹಕ್ಕಿ, ಕಣ್ಣೊಂದು ಮಾತ್ರ ಹೊಳೆಯುತ್ತಿತ್ತು. "ಗಂಡ ಕೈಬಿಟ್ಟು ಹೋಗ್ಯಾನ. ಒಬ್ಬಾಕಿನೇ ಕುಂತಾಳ."

"ಮರಿನೇ ಆಗಿಲ್ಲ, ಬಾಣಂತಿ ಹ್ಯಾಂಗ ಆದಳು?" ಹನುಮವ್ವ ಬಿಡಲಿಲ್ಲ.

"ತತ್ತಿ ಇಟ್ಟಾಳಿಲ್ಲ? ಅರ್ಧ ಹಡದಂಗ ಆತು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ನಗುತ್ತಲೇ ಹಿಂದೆ ಸರಿದರು. ಹನುಮವ್ವ ತಾನೇ ಕಾಯಿಯ ಚೂರುಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಅಂದಿನಿಂದ ಪಾಳಿಯ ಮೇಲೆ ಕಾಗೆ ಓಡಿಸಿದವರೂ ಅವರೇ. "ಬಾಣಂತಿ ಆರಾಮ ಅದಾಳೇನು?" ಎಂದು ಕೇಳದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಚಿಪ್ಪು ಒಡೆದು ಮರಿಗಳು ಹೊರಬಂದವು. ಮೈ ಒಣಗಿದ್ದೇ ತಡ, ತಾಯಿಯ ಹಿಂದೆ ಹುಲ್ಲಿನೊಳಗೆ ಓಟ ಕಿತ್ತವು. ವಾರಿಜಕ್ಕ ಬರೆಯುವುದನ್ನು ಬಿಟ್ಟು ಅತ್ತೆಯನ್ನು ತಬ್ಬಿಕೊಂಡರು.

"ಹುಟ್ಟಿದ ದಿನಾನೇ ಲೋಕಲ್ ಗಾಡಿ ಹಿಡೀಲಿಕ್ಕ ಓಡ್ಲಕತ್ತಾವ," ಎಂದಳು ಅತ್ತೆ. "ಬಾಂಬೆ ಮಕ್ಕಳಲ್ಲೇನು!"

ಕಾಲೇಜಿನವರು ಕೆಲಸವನ್ನು ಒಪ್ಪಿದರು. ಈ ಮಳೆಗಾಲಕ್ಕೂ ಬರಲು ವಾರಿಜಕ್ಕನ ಅಪ್ಪ ಹೂಂ ಎಂದಿದ್ದಾರೆ. ಕೆಂಪು ಬಟ್ಟೆ ಮಾತ್ರ ಬೇಡವೆಂದು ಅತ್ತೆ ಹೇಳಿದ್ದಾಳೆ. ನಾಳೆ ನಾನು ಅಪ್ಪನ ಹಳೆಯ ಖಾಕಿ ಪ್ಯಾಂಟು ಹರಿದು, ಕೋಲುಗಳಿಗೆ ಕಟ್ಟಲು ಪಟ್ಟಿ ಮಾಡುತ್ತೇನೆ.