ಫ್ಯಾಕ್ಟರಿ ಬಸ್ಸಿನ ಕಿಟಕಿ ಪಕ್ಕದ ಸೀಟು

ಮೊನ್ನೆ ಮಗಳ ಸ್ಕೂಟರಿಗೆ ಹೊಸ ಸೀಟ್ ಕವರ್ ಹಾಕಿಸಲು ಬನಶಂಕರಿಯ ಅಂಗಡಿಯೊಂದರ ಮುಂದೆ ಕಾಯುತ್ತಾ ಕೂತಿದ್ದೆ. ಕಾಯುವುದೆಂದರೆ ನನಗೆ ಮೊದಲಿಂದಲೂ ಆಗದು. ಎದ್ದು ಬೀದಿ ನೋಡಿ ಬಂದೆ, ಮತ್ತೆ ಕೂತೆ, "ಆಯ್ತೇನಪ್ಪಾ?" ಎಂದು ಅಂಗಡಿಯವನ ತಲೆ ತಿಂದೆ. ಅವನು ಬಿಸಿಲಲ್ಲಿದ್ದ ರೆಕ್ಸಿನ್ ಸುರುಳಿ ಬಿಚ್ಚಿದ್ದೇ ತಡ, ಕಾದ ರೆಕ್ಸಿನ್ ವಾಸನೆ ಮೂಗಿಗೆ ಬಡಿಯಿತು. ಜೊತೆಗೆ ರಸ್ತೆಯ ಡೀಸೆಲ್ ಹೊಗೆ... ಎಪ್ಪತ್ತರ ದಶಕದ ಕೊನೆಯ ಆ ಫ್ಯಾಕ್ಟರಿ ಬಸ್ಸು, ಅದರೊಳಗೆ ನಮ್ಮ ಮಹಡಿ ಮನೆ ಆಂಟಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಆಗ ನಾವು ಯಡಿಯೂರಿನಲ್ಲಿ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆವು, ಆಂಟಿ ಮೇಲಿನ ಮನೆಯಲ್ಲಿ. ಊರಿನ ಇನ್ನೊಂದು ತುದಿಯ ದೊಡ್ಡ ಫ್ಯಾಕ್ಟರಿಯಲ್ಲಿ ಅವರಿಗೆ ಕೆಲಸ. ಅದೇ ಫ್ಯಾಕ್ಟರಿಯ ಗೇಟಿನ ಎದುರು ಒಂದು ಸಣ್ಣ ಆಫೀಸಿನಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಸಿಕ್ಕಿದ್ದೇನೋ ಸಿಕ್ಕಿತು, ಹೋಗಿ ಬರುವುದು ಹೇಗೆ? ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಸಂಜೆ ಮತ್ತೆ ಅದೇ ಕಥೆ. ಒಂದು ಸ್ಟೇಜಿನ ಚಾರ್ಜು ಉಳಿಸಲು ನಡೆದು, ಚಪ್ಪಲಿ ಸವೆದು, ಅದನ್ನು ಹೊಲಿಸಲು ಉಳಿದ ದುಡ್ಡೂ ಹೋಯಿತು. ಎರಡನೇ ಸಂಬಳ ಕೈಗಿಟ್ಟಾಗ ಅಪ್ಪ, "ಬಸ್ಸಿಗೆ ಸುರಿಯೋಕೆ ಕೆಲಸಕ್ಕೆ ಹೋಗ್ಬೇಕಾ? ಬಿಟ್ಟು ಮನೇಲಿರು" ಅಂದರು. ಮನೇಲಿರು ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲವೇ? ಆಮೇಲೆ ಜಾತಕ ಹೊರಗೆ ಬರುತ್ತದೆ, ಗಂಡಿನ ಕಡೆಯವರು ಬರುತ್ತಾರೆ. ಅವತ್ತು ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತೆ.

ಆಂಟಿ ಮೇಲಿಂದ ಇಳಿದು ಬಂದು ಕೇಳಿದರು, ನಾನು ಹೇಳಿದೆ. ಅವರಿಗೂ ಒಂದು ಕಡೆ ನಿಂತು ಅಭ್ಯಾಸವಿಲ್ಲ. ಮಾತಾಡುವಾಗಲೂ ಬಳೆ ಸರಿಸುತ್ತಾ, ಸೆರಗು ಸಿಕ್ಕಿಸುತ್ತಾ ಇರುತ್ತಿದ್ದರು. "ನಾಳೆ ಬೆಳಗ್ಗೆ ನನ್ ಜೊತೆ ಬಾ. ನಮ್ ಬಸ್ಸಲ್ಲಿ ಒಂದು ಸೀಟು ಖಾಲಿ ಇದೆ" ಅಂದರು.

ಫ್ಯಾಕ್ಟರಿ ಬಸ್ಸಿನಲ್ಲಿ ಹೊರಗಿನವರು ಹತ್ತುವಂತಿರಲಿಲ್ಲ. ಡ್ರೈವರಣ್ಣ ಆಂಟಿಯ ಮುಖ ನೋಡಿ, ನನ್ನನ್ನು ನೋಡಿಯೂ ನೋಡದ ಹಾಗೆ ಗೇರ್ ಹಾಕಿದ. ಯಾರ ಸೀಟು ಯಾರದು ಅಂತ ಎಲ್ಲೂ ಬರೆದಿರಲಿಲ್ಲ, ಆದರೆ ಒಬ್ಬರ ಸೀಟಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಆಂಟಿ ನನ್ನನ್ನು ತಮ್ಮ ಪಕ್ಕ ಕಿಟಕಿ ಬಳಿ ಕೂರಿಸಿದರು. ಎದುರಿನ ಕಂಬಿಗೆ ಬಾಡಿದ ಮಲ್ಲಿಗೆ ಮಾಲೆಯೊಂದು ಸುತ್ತಿತ್ತು. ಬಸ್ಸಿಗೆ ಬಸ್ಸೇ ನಮ್ಮತ್ತ ತಿರುಗಿತು.

ಮುಂದಿನ ಸೀಟಿನಲ್ಲಿದ್ದ, ಜಯನಗರ ನಾಲ್ಕನೇ ಬ್ಲಾಕಿನ ಆಂಟಿ, "ಅವಳು ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ, ಆಗಲೇ ಯಾರನ್ನೋ ತಂದು ಕೂರಿಸಿದೀರಲ್ರೀ!" ಎಂದು ಸಿಡುಕಿದರು. ಆಗ ತಿಳಿಯಿತು, ಅದು ಆಂಟಿಯ ಗೆಳತಿಯ ಸೀಟು. ಕಾಮಾಲೆಯಾಗಿ ತೀರಿಕೊಂಡಿದ್ದರಂತೆ. ಬಸ್ಸಿನ ಹೆಂಗಸರೆಲ್ಲ ಸೇರಿ ಆ ಜಾಗವನ್ನು ಖಾಲಿ ಬಿಟ್ಟು ಶುಕ್ರವಾರ ಶುಕ್ರವಾರ ಹೂವು ಕಟ್ಟುತ್ತಿದ್ದರು. ನಾನು ಎದ್ದೇಬಿಟ್ಟೆ. ಆಂಟಿ ನನ್ನ ಕೈ ಹಿಡಿದು ಕೂರಿಸಿದರು.

"ಹುಡುಗಿ ಕೆಲಸ ಉಳೀಬೇಕಲ್ರೀ. ಖಾಲಿ ಸೀಟು ಇಟ್ಕೊಂಡು ಏನ್ ಮಾಡೋದು?" ಅಂದರು.

ಅವತ್ತಿನಿಂದ ಆಂಟಿಯ ಜೊತೆ ಅವರೆಲ್ಲ ಮಾತು ಬಿಟ್ಟರು. ಬೆಳಗಿನ ಹೊತ್ತು ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಒಬ್ಬರ ಚಿತ್ರಾನ್ನ, ಇನ್ನೊಬ್ಬರ ಚಪಾತಿ... ನಮ್ಮಿಬ್ಬರನ್ನು ದಾಟಿಕೊಂಡು ಹಿಂದಿನ ಸೀಟಿಗೆ ಹೋಗುತ್ತಿದ್ದವು. ನನಗೋ ಒಂದು ಕಡೆ ಸಿಟ್ಟು, ಒಂದು ಕಡೆ ಭಯ. ಪ್ರತಿ ಸ್ಟಾಪಿನಲ್ಲೂ ಯಾರು ಹತ್ತುತ್ತಾರೋ ಅಂತ ಬಾಗಿಲ ಕಡೆಯೇ ನೋಡುತ್ತಿದ್ದೆ. ಸಿಕ್ಕಿಬಿದ್ದರೆ ಆಂಟಿಗೆ ಮೆಮೊ ಗ್ಯಾರಂಟಿ. ನಾಳೆಯಿಂದ ಬರೋಲ್ಲ ಅಂದಾಗಲೆಲ್ಲ "ಬಾಯ್ಮುಚ್ಕೊಂಡು ಬಾರೇ" ಎಂದು ಗದರುತ್ತಿದ್ದರು.

ಒಂದು ದಿನ ಸೌತ್ ಎಂಡ್ ಸರ್ಕಲ್ಲಿನಲ್ಲಿ ಫ್ಯಾಕ್ಟರಿಯ ಅಧಿಕಾರಿಯೊಬ್ಬರು ಹತ್ತಿಯೇಬಿಟ್ಟರು. ಸ್ಕೂಟರ್ ಕೆಟ್ಟಿತ್ತಂತೆ. ನೇರ ನನ್ನ ಮುಂದೆ ನಿಂತು, "ಈಯಮ್ಮ ಯಾರು? ಯಾವ ಸೆಕ್ಷನ್ನು?" ಅಂದರು. ಆಂಟಿ ಬಾಯಿ ತೆಗೆಯುವ ಮೊದಲೇ ನಾಲ್ಕನೇ ಬ್ಲಾಕಿನ ಆಂಟಿ, "ನಮ್ ಸೆಕ್ಷನ್ನೇ ಸಾರ್, ಹೊಸಬಳು" ಅಂದರು. ಅಷ್ಟು ಹೇಳಿ, ನಮ್ಮತ್ತ ಒಂದು ನಗೆಯನ್ನೂ ಬೀರದೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಎಂಥಾ ಹೆಂಗಸರು ಮಾರಾಯ್ತಿ! ಮರುದಿನವೂ ಡಬ್ಬಿ ನಮ್ಮನ್ನು ದಾಟಿಕೊಂಡೇ ಹೋಯಿತು.

ಹೀಗೆ ಒಂದು ವರ್ಷದ ಮೇಲಾಯಿತು. ಉಳಿದ ದುಡ್ಡು ಮನೆಗೆ ಬರುತ್ತಿತ್ತು, ಅಪ್ಪ ಜಾತಕದ ಸುದ್ದಿ ಎತ್ತಲಿಲ್ಲ. ಆಮೇಲೆ ಜಯನಗರ ಮೂರನೇ ಬ್ಲಾಕಿನಲ್ಲೇ ಒಂದು ಕೆಲಸ ಸಿಕ್ಕಿತು. ನಡೆದೇ ಹೋಗಬಹುದು, ಬಸ್ಸಿನ ಗೊಡವೆಯೇ ಇಲ್ಲ! ಮೆಟ್ಟಿಲು ಹಾರಿಕೊಂಡು ಹೋಗಿ ಆಂಟಿಗೆ ಹೇಳಿದೆ. ಇನ್ನು ಅವರಿಗೆ ಮೆಮೊ ಭಯವಿಲ್ಲ, ಗೆಳತಿಯರೂ ಮತ್ತೆ ಮಾತಾಡುತ್ತಾರೆ ಅನ್ನುವ ಖುಷಿ ಬೇರೆ.

ಆಂಟಿ ರವೆ ಹುರಿಯುತ್ತಿದ್ದರು. ಸೌಟು ನಿಂತಿತು.

"ಒಳ್ಳೇದಾಯ್ತು ಬಿಡು," ಅಂದರು. ಆಮೇಲೆ, "ಅವಳು ಹೋದ್ಮೇಲೆ ನನ್ ಸೀಟಲ್ಲಿ ನನಗೆ ಕೂರೋಕಾಗ್ತಿರ್ಲಿಲ್ಲ ಕಣೇ. ಪಕ್ಕದಲ್ಲಿ ಖಾಲಿ... ಫ್ಯಾಕ್ಟ್ರಿವರೆಗೂ ಕಂಬಿ ಹಿಡ್ಕೊಂಡು ನಿಂತೇ ಹೋಗ್ತಿದ್ದೆ. ನೀನು ಬಂದ್ಮೇಲೆ ಕೂತ್ಕೊಂಡೆ" ಅಂದರು.

ನನ್ನ ಬಸ್ ಚಾರ್ಜು ಉಳಿಸಲಿಕ್ಕೆ ಅವರು ಇಷ್ಟೆಲ್ಲ ಪಾಡು ಪಡುತ್ತಿದ್ದಾರೆ ಅಂದುಕೊಂಡೇ ನಾನು ಅಷ್ಟು ದಿನ ಹೋಗಿ ಬಂದಿದ್ದೆ. ರವೆ ತಳ ಹಿಡಿಯುವ ವಾಸನೆ ಬಂತು, ಅವರು ಗಡಿಬಿಡಿಯಲ್ಲಿ ಬಾಣಲೆ ಇಳಿಸಿದರು.

ಹಳೇ ಕೆಲಸ ಆ ಶನಿವಾರವೇ ಬಿಟ್ಟೆ, ಹೊಸದಕ್ಕೆ ಒಂದು ವಾರ ಬಾಕಿಯಿತ್ತು. ಆ ವಾರ ಪೂರ್ತಿ ಬೆಳಗಾಗೆದ್ದು ಆಂಟಿಯ ಜೊತೆ ಫ್ಯಾಕ್ಟರಿ ಬಸ್ಸು ಹತ್ತಿದೆ. ಗೇಟಿನ ಬಳಿ ಇಳಿದು, ಅವರು ಒಳಗೆ ಹೋದ ಮೇಲೆ ರಸ್ತೆ ದಾಟಿ, ಟಿಕೆಟ್ ಕೊಂಡು ಎರಡು ಬಸ್ಸು ಹಿಡಿದು ಮನೆಗೆ ವಾಪಸ್ಸು. "ನಿಂಗೇನು ತಲೆ ಕೆಟ್ಟಿದೆಯಾ?" ಅಂತ ಅಮ್ಮ ಬೈದಳು. ಕೆಟ್ಟಿದ್ದರೆ ಕೆಟ್ಟಿರಲಿ, ಆ ದುಡ್ಡು ಹೋದದ್ದಕ್ಕೆ ಮಾತ್ರ ನನಗೆ ಒಂದು ಚೂರೂ ಹೊಟ್ಟೆ ಉರಿಯಲಿಲ್ಲ.

ಮುಂದಿನ ಸೋಮವಾರ ಅವರು ಕೂತರೋ, ನಿಂತೇ ಹೋದರೋ... ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ನಿವೃತ್ತಿಯಾದ ಮೇಲೆ ಮಗನ ಜೊತೆ ಹುಳಿಮಾವಿಗೆ ಹೋದರು. ಹೋದ ಹೊಸತರಲ್ಲಿ ಹಬ್ಬಕ್ಕೆ ಹೋಗಿ ಬರುತ್ತಿದ್ದೆ, ಆಮೇಲೆ ಅದೂ ತಪ್ಪಿತು. ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಈಗ ನಮ್ಮೂರಿನ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜಿಲ್ಲ. ಕಾರ್ಡು ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾನೆ, ಊರೆಲ್ಲ ಸುತ್ತಬಹುದು. ಕೆಲಸ ಇಲ್ಲ, ಕಾರ್ಯ ಇಲ್ಲ, ಸುಮ್ಮನೆ ಒಂದು ರೌಂಡು ಹೋಗಿ ಬರೋಣ ಬನ್ನಿ ಆಂಟಿ ಅನ್ನಬೇಕು ಅನ್ನಿಸುತ್ತದೆ. ಆಂಟಿ ಇಲ್ಲ.