ಎಲೆಬಳ್ಳಿ ಗ್ರೂಪಿನ ನೂರಜಹಾನ

ಸವಣೂರಿನಲ್ಲಿ ವೀಳ್ಯದೆಲೆಯ ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ. ನೂರಜಹಾನ ಅಂತೂ ಚಪ್ಪಲಿಯ ಜೊತೆಗೆ ಮೊಬೈಲನ್ನೂ ಗೇಟಿನ ಬಳಿ ಬಿಟ್ಟು ಹೋಗುವಾಕೆ. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬಳೇ ಸಂಭಾಳಿಸಿದವಳು. ಎಲೆ ಕೊಯ್ಯುವಾಗ ಫೋನು ಬಡಕೊಂಡರೆ ಮೈಯೆಲ್ಲ ಉರಿ.

ಅಂಥವಳು ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಎಲೆ ಬೆಳೆಯುವವರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ‘ನಮ್ಮ ಎಲೆಬಳ್ಳಿ’ ಅಂತ ಗ್ರೂಪ್ ಕಟ್ಟಿದಳು. ಬಳ್ಳಿಯ ರೋಗ, ಗೊಬ್ಬರ, ಪೇಟೆಯ ಧಾರಣೆ, ಇಷ್ಟೇ ಮಾತು. ಯಾರಾದರೂ ಗುಡ್ ಮಾರ್ನಿಂಗ್ ಹೂವು ಕಳಿಸಿದರೆ, ಪಕ್ಷದ ವಿಡಿಯೋ ತುರುಕಿದರೆ, ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎಂದು ಬರೆದು ಅದನ್ನು ಅಳಿಸಿಬಿಡುತ್ತಿದ್ದಳು. ನಕ್ಕವರು ನಕ್ಕರು, ಮುನಿದವರು ಮುನಿದರು. ಮುಖ ನೋಡಿ ಮಣೆ ಹಾಕುವ ಹೆಂಗಸು ಅವಳಲ್ಲ.

ತಾನು ತೋಟದಲ್ಲಿರುವ ಹೊತ್ತು ನೋಡಿಕೊಳ್ಳಲಿ ಎಂದು ಶಿಗ್ಗಾಂವಿಯ ಎಲೆ ವ್ಯಾಪಾರಿ ಹುಲಗೇಶನನ್ನು ಕೈಯಾರೆ ಅಡ್ಮಿನ್ ಮಾಡಿದ್ದಳು. ರಮಜಾನಿಗೆ ಮನೆಗೆ ಬಂದು ಸುರಕುಂಬಾ ಪಾಯಸ ಕುಡಿದು ಹೋಗುವವನು, ಅಕ್ಕಾರ ಅಕ್ಕಾರ ಎಂದು ಬಾಯಿ ತುಂಬ ಕರೆಯುವವನು. ಅವನನ್ನು ನಂಬದೆ ಇನ್ನಾರನ್ನು ನಂಬಬೇಕು?

ಅವತ್ತು ಬೆಳಿಗ್ಗೆ ದುಂಡಸಿಯ ಫಕ್ಕೀರವ್ವ ಕೊಳೆತ ಬಳ್ಳಿಯ ಫೋಟೋ ಹಾಕಿ ಏನು ಮಾಡಲಿ ಎಂದು ಕೇಳಿದಳು. ಅದಕ್ಕೆ ಉತ್ತರ ಹೋಗುವ ಮೊದಲೇ ಒಬ್ಬ ಚುನಾವಣೆಯ ಮಾತು ತೆಗೆದ, ಇನ್ನೊಬ್ಬ ಜಗಳಕ್ಕೆ ನಿಂತ. ನೂರಜಹಾನ ಎರಡನ್ನೂ ಅಳಿಸಿದಳು. ಆಗ ಮಾತು ಬಳ್ಳಿಯನ್ನೂ ಬಿಟ್ಟಿತು, ಚುನಾವಣೆಯನ್ನೂ ಬಿಟ್ಟಿತು, ಆಕೆಯ ಮೇಲೇ ತಿರುಗಿತು. ಹೆಂಗಸಿನ ಕಾರಭಾರ ಜಾಸ್ತಿಯಾಯಿತು ಎಂದರು. ಆಕೆಯ ಮಂದಿಯೇ ಹಾಗೆ ಎಂದೂ ಅಂದರು. ಹುಲಗೇಶ ಎಲ್ಲವನ್ನೂ ಓದುತ್ತಿದ್ದುದು ಕಾಣುತ್ತಿತ್ತು. ಅವನು ತನ್ನ ಪರ ಒಂದು ಮಾತು ಆಡಲಿ ಎಂದು ಕಾದಳು. ಆಡಲಿಲ್ಲ. ಫಕ್ಕೀರವ್ವನಿಗೆ ನೀರು ನಿಲ್ಲಿಸಿ, ಕೊಳೆತದ್ದನ್ನು ಕಿತ್ತು ಸುಟ್ಟು, ಬುಡಕ್ಕೆ ಬೋರ್ಡೊ ದ್ರಾವಣ ಹಾಕು ಎಂದು ಬರೆದು, ಫೋನು ಇಟ್ಟು ತೋಟದೊಳಗೆ ಹೋದಳು.

ಹೊರಗೆ ಬಂದು ನೋಡಿದರೆ ಗ್ರೂಪು ಬರಿದಾಗಿತ್ತು. ಒಬ್ಬರ ಹಿಂದೊಬ್ಬರು ಹೊರಟುಹೋಗಿದ್ದರು. ಫಕ್ಕೀರವ್ವ ಕೂಡ ಕೈಮುಗಿದು ಹೋಗಿದ್ದಳು. ಹುಲಗೇಶ ನೂರಜಹಾನಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಹೊಸ ಗ್ರೂಪ್ ಮಾಡಿದ್ದಾನೆಂದು ಮಗಳು ನಿಖತ ಹೇಳಿದಳು. ನೂರಜಹಾನ ಅವನಿಗೆ ಫೋನು ಹಚ್ಚಿದಳು.

“ಮಂದಿಗೆ ನಾಕು ಮಾತು ಆಡಬೇಕು ಅನಸ್ತೈತ್ರಿ ಅಕ್ಕಾರ. ನೀವು ಬಾಯಿ ಕಟ್ಟತೀರಿ. ನನಗ ವ್ಯಾಪಾರಕ್ಕ ಎಲ್ಲಾರೂ ಬೇಕು.”

“ಗ್ರೂಪ್ ಮಾಡ್ಕೋ, ಬ್ಯಾಡ ಅನ್ನಂಗಿಲ್ಲ. ನಮ್ಮ ಮಂದಿಗೆ ಅಂದಾಗ ನೀ ಯಾಕ ಸುಮ್ಮನಿದ್ದಿ?”

ಹುಲಗೇಶ ಹೇಳಿದ, “ಅದು ಎಲಿ ವಿಷಯ ಅಲ್ಲಲ್ರಿ. ಬ್ಯಾರೆ ಮಾತಿಗೆ ಬಾಯಿ ಹಾಕಬ್ಯಾಡ ಅಂತ ನೀವ ಹೇಳಿದ್ರಿ.”

ಬೈದವರ ಮಾತು ಸಂಜೆಗೆ ಮರೆತುಹೋಗುತ್ತಿತ್ತು, ಇದು ಎದೆಗೆ ನಾಟಿತು. ಅವನು ಅದೇ ಉಸಿರಿನಲ್ಲಿ ನಾಳೆ ಎಲೆ ಒಯ್ಯಲು ಬರಲೇ ಎಂದು ಕೇಳಿದ. ನೂರಜಹಾನ ಕರೆ ಕಡಿದು ಗ್ರೂಪ್ ತೆರೆದಳು. ಅಲ್ಲಿ ಇನ್ನೂ ಇಬ್ಬರಿದ್ದರು, ಆಕೆ ಮತ್ತು ಹುಲಗೇಶ. ಎಲ್ಲರನ್ನೂ ಕರೆದೊಯ್ದವನು ತಾನು ಮಾತ್ರ ಇಲ್ಲೂ ಒಂದು ಕಾಲು ಇಟ್ಟುಕೊಂಡಿದ್ದ. ಆಕೆ ಅವನ ಹೆಸರಿನ ಮೇಲೆ ಬೆರಳೊತ್ತಿ ತೆಗೆದುಹಾಕಿದಳು, ಆಮೇಲೆ ಗೇಟಿಗೆ ಒರಗಿ ಅತ್ತಳು.