ತಾನಾಗಿ ತೆರೆದುಕೊಂಡ ಪುಟ

ಮೂವತ್ತು ವರ್ಷ ಪುಸ್ತಕಗಳಿಗೆ ರಟ್ಟು ಹಾಕಿದ್ದರಿಂದ ಬೀದಿಗೆಲ್ಲ ಅವಳು ರಟ್ಟಿನಮ್ಮ. ಚರ್ಚಿನಲ್ಲಿ ಅವಳಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತ್ತು. ಮನೆ ಬದಲಿಸುವವರು, ಮಗಳಿಗೆ ಗಂಡು ನೋಡುವವರು "ನಮಗೊಂದು ವಾಕ್ಯ ತೆಗೀರಿ" ಎಂದು ಬರುತ್ತಿದ್ದರು. ಅವಳು ಪ್ರಾರ್ಥಿಸಿ, ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟಲ್ಲಿ ಓದುತ್ತಿದ್ದಳು.

ಪಾದ್ರಿಗಳಿಗೆ ಇದು ಹಿಡಿಸುತ್ತಿರಲಿಲ್ಲ. "ಅಮ್ಮಾ, ಅದು ದೇವರ ಮಾತು. ಲಾಟರಿ ಚೀಟಿ ಅಲ್ಲ."

"ನಾನು ಬರೀ ರಟ್ಟು ತೆಗೆಯೋಳು ಅಯ್ಯನೋರೆ, ಮಾತಾಡೋದು ದೇವರು" ಎಂದು ನಕ್ಕುಬಿಡುತ್ತಿದ್ದಳು.

ಹಾಗಿರುವಾಗ ಸೊಸೆಗೆ ಬೇರೊಂದು ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿಗೆ ಸೀಟು ಸಿಕ್ಕಿತು. ಎರಡು ವರ್ಷ, ಮಗುವನ್ನೂ ಕರೆದುಕೊಂಡು ಹೋಗಬಹುದು. ಲಾರಿ ಓಡಿಸುವ ಮಗ ಫೋನಿನಲ್ಲಿ "ನಿಮ್ಮಿಬ್ಬರಿಗೆ ಸರಿ ಕಂಡದ್ದು ಮಾಡಿ" ಎಂದು ಕೈ ತೊಳೆದುಕೊಂಡ. ಸೊಸೆ ಬಂದು ಎದುರು ಕೂತಳು. "ಅತ್ತೆ, ನೀವೇ ದೇವರನ್ನ ಕೇಳಿ ಹೇಳಿ. ಏನು ಬಂದ್ರೂ ನಾನು ಒಪ್ಪಿಕೋತೀನಿ."

ರಟ್ಟಿನಮ್ಮ ಮೂರು ದಿನ ಕೇಳಿದಳು. ಅಂಟು ಕಲಸುತ್ತಾ ಕೇಳಿದಳು, ಮೊಮ್ಮಗಳಿಗೆ ಉಣಿಸುತ್ತಾ ಕೇಳಿದಳು. ಆ ಕಡೆಯಿಂದ ಒಂದು ಸದ್ದೂ ಇಲ್ಲ. ಮಗು ಇಲ್ಲದ ಮನೆ ಮಾತ್ರ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿತ್ತು.

ನಾಲ್ಕನೆಯ ದಿನ ಸೊಸೆಯ ಮುಂದೆ ಬೈಬಲಿನ ಬೆನ್ನನ್ನು ನೆಲಕ್ಕೂರಿ ನೆಟ್ಟಗೆ ನಿಲ್ಲಿಸಿ ಎರಡೂ ಕೈ ಬಿಟ್ಟಳು. ಅದು ಬಿಚ್ಚಿಕೊಂಡದ್ದು, ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳು ಅತ್ತೆಯನ್ನು ಬಿಟ್ಟು ಹೋಗಲಾರೆ ಎನ್ನುವ ಪುಟಕ್ಕೆ. ಸೊಸೆಯ ಮುಖ ಬಾಡಿತು. ಆದರೂ ತಲೆಯಾಡಿಸಿ, ಅಲ್ಲೇ ಫೋನು ತೆಗೆದು ಸೀಟು ಬೇಡವೆಂದಳು.

ಪುಸ್ತಕ ಹೊಲಿಯುವವರಿಗೆಲ್ಲ ಗೊತ್ತಿರುವ ವಿಷಯ: ಹೆಚ್ಚು ಓದಿದ ಕಡೆ ಪುಸ್ತಕದ ಬೆನ್ನು ಮುರಿದಿರುತ್ತದೆ, ಕೈ ಬಿಟ್ಟರೆ ಅದು ಅಲ್ಲಿಗೇ ಬೀಳುತ್ತದೆ. ಗಂಡ ಸತ್ತ ವರ್ಷ ರಟ್ಟಿನಮ್ಮ ದಿನವೂ ಓದಿದ್ದು ಅದೇ ಪುಟ. ಎಲ್ಲಿ ಬೀಳುತ್ತದೆಂದು ಗೊತ್ತಿದ್ದೇ ಕೈ ಬಿಟ್ಟಿದ್ದಳು.

ಸೊಸೆ ಜಗಳವಾಡಿದ್ದರೆ ರಟ್ಟಿನಮ್ಮ ಬದುಕಿಕೊಳ್ಳುತ್ತಿದ್ದಳೇನೋ. ಆದರೆ ಸೊಸೆ ಮರುದಿನ ಪಕ್ಕದಲ್ಲೇ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟಳು. "ದೇವರೇ ಹೇಳಿದ್ಮೇಲೆ ಮನಸ್ಸು ಹಗುರ ಆಯ್ತು ಅತ್ತೆ" ಎಂದಳು. ಅದು ಸುಳ್ಳೆಂದು ಅವಳ ಊದಿದ ಕಣ್ಣೇ ಹೇಳುತ್ತಿತ್ತು. ರಟ್ಟಿನಮ್ಮನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಬೈಬಲ್ ಎತ್ತಿ ಹಿಡಿದಾಗ ಅವಳ ತಲೆ ಮೇಲೇಳಲಿಲ್ಲ. ಮಗನ ಮುಂದೆ, ನೆರೆಯವರ ಮುಂದೆ ಸುಳ್ಳು ಹೇಳಿದ್ದುಂಟು. ಆದರೆ ದೇವರು ಬಾಯಿ ಮುಚ್ಚಿಕೊಂಡಿದ್ದಾಗ ಅವನ ಬಾಯಲ್ಲಿ ತನ್ನ ಮಾತು ತುರುಕಿದ್ದು ಇದೇ ಮೊದಲು. ಅಥವಾ ಇದು ಮೊದಲನೆಯದಲ್ಲವೇ? ಇಷ್ಟು ವರ್ಷ ಬಂದವರಿಗೆಲ್ಲ ತೆಗೆದುಕೊಟ್ಟದ್ದು ಏನು?

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಸೊಸೆಗೆ ಎಲ್ಲವನ್ನೂ ಹೇಳಿದಳು, ಗೋಡೆಯ ಕಡೆ ನೋಡುತ್ತಾ.

ಸೊಸೆ ಅವಳ ಮುಖಕ್ಕೆ ನೇರವಾಗಿ ಬಂದು ನಿಂತಳು. "ಹಾಗಾದ್ರೆ ದೇವರು ಏನು ಹೇಳಿದ್ರು?"

"ಏನೂ ಹೇಳಲಿಲ್ಲ ಕಣಮ್ಮ."

"ನನಗೂ ಏನೂ ಹೇಳಿರಲಿಲ್ಲ. ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಸೋಮವಾರ ಸೊಸೆ ಮತ್ತೆ ಫೋನು ಮಾಡಿದಳು. ಸೀಟು ಬೇರೆಯವರಿಗೆ ಹೋಗಿತ್ತು; ಮುಂದಿನದು ಆರು ತಿಂಗಳ ನಂತರ. ಅರ್ಜಿ ಹಾಕುವುದಾಗಿ ಹೇಳಿ ಫೋನು ಇಟ್ಟಳು.

"ತಪ್ಪಾಯ್ತು" ಎನ್ನಲು ರಟ್ಟಿನಮ್ಮ ಬಾಯಿ ತೆರೆದಳು.

"ಇನ್ಮೇಲೆ ನನಗೋಸ್ಕರ ತೆಗೀಬೇಡಿ ಅತ್ತೆ" ಎಂದಳು ಸೊಸೆ, ಮಗುವಿನ ತಲೆ ಬಾಚುತ್ತಾ. "ಓದೋದಾದ್ರೆ ಮೊದಲನೇ ಪುಟದಿಂದ ಓದಿ. ನಾನೂ ಕೂತ್ಕೋತೀನಿ."

ರಟ್ಟಿನಮ್ಮ ಕೈ ತೊಳೆಯಲು ಎದ್ದಳು. ಬೆಳಗ್ಗೆ ಕಲಸಿದ ಅಂಟು ಒಣಗಿ ಬೆರಳಿಗೆ ಕಚ್ಚಿತ್ತು, ಎಷ್ಟು ಉಜ್ಜಿದರೂ ಬಿಡಲೊಲ್ಲದು.